ಒಂದರ ಮೇಲೊಂದು ಬಿದ್ದ ಕೆಲಸಗಳು

ಮನೆ ಕಟ್ಟಿಸೋ ಕೆಲಸದಲ್ಲಿರೋನು ಒಂದು ದಿನ ನಗದೆ ಮನೆಗೆ ಹೋದ ಅಂದ್ರೆ ಅವತ್ತು ಭಾನುವಾರ ಇರಬೇಕು, ಇಲ್ಲಾ ಅವನು ಸೈಟಿಗೇ ಹೋಗಿಲ್ಲ ಅಂತ ಅರ್ಥ. ನಾನು ಒಬ್ಬ ಕಂಟ್ರಾಕ್ಟರ ಕೈಕೆಳಗೆ ಸೂಪರ್‌ವೈಸರ್. ಇಪ್ಪತ್ತು ವರ್ಷದಿಂದ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಧೂಳನ್ನ ಒಂದೇ ಬೈಕಿನ ಮೇಲೆ ಹೊತ್ತು ತಿರುಗಿದ್ದೇನೆ. ಇಟ್ಟಿಗೆ ಇಡೋದು, ಕಂಬಿ ಕಟ್ಟೋದು ನನ್ನ ಕೆಲಸ ಅಲ್ಲ. ಯಾರು ಯಾವಾಗ ಬರಬೇಕು, ಒಬ್ಬನ ಕೆಲಸ ಮುಗಿಯೋ ಮೊದಲೇ ಇನ್ನೊಬ್ಬ ಹೇಗೆ ಶುರು ಮಾಡಬೇಕು ಅಂತ ಹೊಂದಿಸೋದು ನನ್ನ ಕೆಲಸ. ಹೊಂದಿಸಿದ್ದು ಹೊಂದಿದ್ದರೆ ಇದನ್ನೆಲ್ಲ ಬರೆಯೋ ಪ್ರಮೇಯವೇ ಬರುತ್ತಿರಲಿಲ್ಲ.

ಗೋಡೆಯೊಳಗಿನ ಚಾರ್ಟು

ನಮ್ಮ ಕಂಟ್ರಾಕ್ಟರು ಒಂದು ಸಲ ನನ್ನನ್ನ ಚಿತ್ರದುರ್ಗಕ್ಕೆ ಒಂದು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಒಬ್ಬ ಸಾಹೇಬರು ಬಣ್ಣಬಣ್ಣದ ಪಟ್ಟಿ ಎಳೆದು ತೋರಿಸಿದರು. "ಗೋಡೆ ಏಳ್ತಾ ಇರುವಾಗಲೇ ಪೈಪು ಹಾಕಿ, ಪೈಪು ಹಾಕ್ತಾ ಇರುವಾಗಲೇ ಗಿಲಾವು ಮಾಡಿ. ಒಂದರ ಮೇಲೊಂದು ಪಟ್ಟಿ ಬರಬೇಕು, ಆವಾಗ ಆರು ತಿಂಗಳ ಕೆಲಸ ನಾಲ್ಕೇ ತಿಂಗಳಿಗೆ ಮುಗೀತದೆ" ಅಂದರು. ನನಗೆ ರೋಮಾಂಚನ ಆಯಿತು. ಚಳ್ಳಕೆರೆಗೆ ವಾಪಸ್ ಬಂದವನೇ ದೊಡ್ಡ ಡ್ರಾಯಿಂಗ್ ಶೀಟು ಕೊಂಡು, ಮಗಳ ಸ್ಕೆಚ್ ಪೆನ್ನೆಲ್ಲ ಖಾಲಿ ಮಾಡಿ ಒಂದು ಚಾರ್ಟು ಬರೆದೆ. ಗಾರೆಗೆ ಕೆಂಪು, ಪೈಪಿಗೆ ನೀಲಿ, ವೈರಿಂಗಿಗೆ ಹಸಿರು.

ಆಗ ನನ್ನಿವಾಳದಲ್ಲಿ ಒಂದು ಮನೆ ನಡೀತಿತ್ತು. ಚಾರ್ಟನ್ನ ಅಲ್ಲಿನ ಹಾಲಿನ ಗೋಡೆಗೆ ಅಂಟಿಸಿ ಮೇಸ್ತ್ರಿಗೆ ಅರ್ಧ ಗಂಟೆ ವಿವರಿಸಿದೆ. ಈ ಮೇಸ್ತ್ರಿ ನನ್ನ ಜೊತೆ ಮೊದಲಿಂದ ಇರೋನು, ಕೈ ಚಿನ್ನ, ಬಾಯಿ ಮಾತ್ರ ಮುಳ್ಳು. ಪೂರ್ತಿ ಕೇಳಿ, ಬೀಡಿ ಆರಿಸಿ ಅಂದ: "ಚೆನ್ನಾಗೈತೆ ಸಾರ್. ಇಷ್ಟು ದಿನ ಯಾರೂ ಟೈಮಿಗೆ ಬರ್ತಿರಲಿಲ್ಲ. ಇನ್ಮೇಲೆ ಯಾರು ಬಂದಿಲ್ಲ ಅಂತ ಕಲರ್ ಕಲರಾಗಿ ಗೊತ್ತಾಗುತ್ತೆ."

ಎರಡು ದಿನ ಬಿಟ್ಟು ಹೋದೆ. ಹಾಲಿನ ಗಿಲಾವು ಮುಗಿದು ಗೋಡೆ ಕನ್ನಡಿ ಥರ ಆಗಿತ್ತು. ಮನಸ್ಸಿಗೆ ಖುಷಿ ಆಯಿತು. ಆಮೇಲೆ ಗೋಡೆಯನ್ನ ಇನ್ನೊಂದು ಸಲ ನೋಡಿದೆ.

"ಲೇ, ಇಲ್ಲಿದ್ದ ಚಾರ್ಟು ಎಲ್ಲಿ?"

ಗಿಲಾವಿನವನು ಕರಣೆ ಒರೆಸ್ತಾ ಅಂದ: "ಒಳಗೈತೆ ಸಾರ್."

"ಒಳಗೆ ಅಂದ್ರೆ?"

"ಗಿಲಾವಿನ ಒಳಗೆ. ಮಂಗಳವಾರ ಹಾಲಿನ ಗೋಡೆಗೆ ಗಿಲಾವು ಅಂತ ನೀವೇ ಕೆಂಪು ಅಕ್ಷರದಲ್ಲಿ ಬರ್ದಿದ್ರಿ. ಚಾರ್ಟು ಬಿಟ್ಟು ಮಾಡು ಅಂತ ಬರ್ದಿರಲಿಲ್ಲ."

ನಾನು ತಲೆ ಹಿಡ್ಕೊಂಡು ಕೂತೆ. ಮೇಸ್ತ್ರಿ ಗೋಡೆ ಮೇಲೆ ಪ್ರೀತಿಯಿಂದ ಕೈ ಆಡಿಸಿ ಸಮಾಧಾನ ಹೇಳಿದ: "ಬೇಜಾರ್ ಮಾಡ್ಕಬೇಡಿ ಸಾರ್. ಈ ಇಪ್ಪತ್ತು ವರ್ಷದಲ್ಲಿ ನಿಮ್ಮ ಪ್ಲಾನು ಇಷ್ಟು ಗಟ್ಟಿಯಾಗಿ ನಿಂತಿದ್ದು ಇದೇ ಮೊದಲು."

ಐನೋರು ಮತ್ತು ರಿಗ್ಗು

ತಳಕಿನಲ್ಲಿ ಒಬ್ಬ ಮೇಷ್ಟ್ರು ಮನೆ ಕಟ್ಟಿಸೋಕೆ ಹೊರಟರು. ಗುದ್ದಲಿ ಪೂಜೆ ಗುರುವಾರ ಬೆಳಗ್ಗೆ, ಬೋರ್‌ವೆಲ್ ಕೊರೆಯೋದು ಶುಕ್ರವಾರ ಅಂತ ಹೊಂದಿಸಿದ್ದೆ. ಗುರುವಾರ ಐನೋರು ಚಾಪೆ ಹಾಸಿ, ಕಲಶ ಇಟ್ಟು ಕೂತಿದ್ದಾರೆ, ರಸ್ತೆ ತಿರುವಿನಲ್ಲಿ ರಿಗ್ ಲಾರಿ ಗುಡುಗ್ತಾ ಬಂತು. ಇನ್ನೊಂದು ಕಡೆ ಕೊರೆಯಬೇಕಿದ್ದ ಪಾಯಿಂಟು ತಪ್ಪಿ ಹೋಯಿತಂತೆ, ಈಗ ಕೊರೆಸದಿದ್ದರೆ ಮತ್ತೆ ಹದಿನೈದು ದಿನ ಈ ಕಡೆ ತಲೆ ಹಾಕೋದಿಲ್ಲವಂತೆ. ಮೇಷ್ಟ್ರ ಮುಖ ಬಾಡಿತು. ಈಚೆ ಮುಹೂರ್ತ, ಆಚೆ ನೀರು.

ನಾನು ತರಬೇತಿ ಪಡೆದವನಲ್ಲವೇ? "ಎರಡೂ ಒಟ್ಟಿಗೆ ನಡೀಲಿ" ಅಂದೆ.

ರಿಗ್ ನಡೆಸುವವನು ತಮಿಳುನಾಡಿನವನು, ಕನ್ನಡ ಬಾರದು. ಆ ಗದ್ದಲದಲ್ಲಿ ಯಾವ ಭಾಷೆಯೂ ಕೇಳಿಸೋದಿಲ್ಲ ಅನ್ನಿ. ಕೈ ಸನ್ನೆ ಮೇಲೇ ಅವರ ಕೆಲಸ. ಸನ್ನೆ ಮಾಡೋನು ಇಡ್ಲಿ ತಿನ್ನೋಕೆ ಹೋಟೆಲಿಗೆ ಹೋಗಿದ್ದ. ಅವನು ಹೋಗಿದ್ದು ನಡೆಸುವವನಿಗೆ ಗೊತ್ತಿಲ್ಲ. ಅವನು ಧೂಳಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಎದುರಿಗೆ ಕೈ ಆಡಿಸ್ತಾ ಇದ್ದವರು ನಮ್ಮ ಐನೋರು.

ಐನೋರು ಅಕ್ಷತೆ ಹಾಕೋಕೆ ಕೈ ಮೇಲೆತ್ತಿದರು. ರಾಡು ಮೇಲೆ ಬಂತು. ಕೈ ಇಳಿಸಿದರು. ರಾಡು ಇಳೀತು. ಗದ್ದಲ ತಾಳಲಾರದೆ ಅಂಗೈ ತೋರಿಸಿ "ಸಾಕು" ಅಂದರು. ಮಷೀನು ಗಪ್ ಚುಪ್. ಐನೋರಿಗೇ ಆಶ್ಚರ್ಯ ಆಗಿ ನಮ್ಮ ಕಡೆ ತಿರುಗಿ, "ನೋಡಿದ್ರೇನ್ರಿ? ಮಂತ್ರಕ್ಕೆ ಕಬ್ಬಿಣವೂ ತಲೆ ಬಾಗ್ತದೆ" ಅಂದರು. ಅಲ್ಲಿಂದ ಅವರಿಗೆ ಹುರುಪು ಬಂದುಬಿಟ್ಟಿತು. ಗಂಗೆಯನ್ನ ಕರೆಯೋ ಮಂತ್ರ ಏರು ದನಿಯಲ್ಲಿ ಹೇಳ್ತಾ ಮಂಗಳಾರತಿ ತಟ್ಟೆಯನ್ನ ಗರಗರ ತಿರುಗಿಸಿದರು. ತಿರುಗಿಸು ಅನ್ನೋ ಸನ್ನೆ ಸಿಕ್ಕಿದ್ದೇ ತಡ, ರಿಗ್ಗಿನವನು ಪೂರಾ ಜೋರು ಕೊಟ್ಟ.

ಬುಸ್ ಅಂತ ಕೆಸರು ನೀರು ಆಕಾಶಕ್ಕೆ ಹಾರಿ ನಮ್ಮೆಲ್ಲರ ಮೇಲೆ ಬಿತ್ತು. ಆರತಿ ಆರಿತು, ಐನೋರು ಕೆಸರಿನ ಗೊಂಬೆಯಾದರು, ಮೇಷ್ಟ್ರು ಹೆಂಡತಿ ಕೈ ಹಿಡಿದು ಕುಣಿದರು. ತಳಕಿನ ಒಣನೆಲದಲ್ಲಿ ನೀರು ಬರೋದು ಅಂದ್ರೆ ಸುಮ್ಮನೆ ಮಾತಲ್ಲ.

ರಿಗ್ಗಿನವನು ಇಳಿದು ಬಂದು ಐನೋರ ಕಾಲಿಗೆ ಅಡ್ಡ ಬಿದ್ದು ತಮಿಳಿನಲ್ಲಿ ಏನೇನೋ ಹೇಳಿದ. ಇಡ್ಲಿ ತಿಂದು ಬಂದಿದ್ದ ಸನ್ನೆಯವನು ಮುಖ ಸಪ್ಪಗೆ ಮಾಡಿಕೊಂಡು ಅದನ್ನ ಕನ್ನಡಕ್ಕೆ ಹೇಳಿದ: "ನಾಳೆ ಮೊಳಕಾಲ್ಮೂರು ಕಡೆ ಇನ್ನೊಂದು ಪಾಯಿಂಟ್ ಐತಂತೆ. ಐನೋರು ನನ್ನ ಜಾಗಕ್ಕೆ ಬರ್ತಾರಾ ಅಂತ ಕೇಳ್ತಾವ್ನೆ."

ಬುಧವಾರ ಎರಡರಿಂದ ನಾಲ್ಕು

ಚಳ್ಳಕೆರೆ ಪೇಟೆಯ ಒಂದು ಮನೆಗೆ ಮುಂಬಾಗಿಲಿನ ಚೌಕಟ್ಟು ನಿಲ್ಲಿಸಬೇಕಿತ್ತು. ಅದರ ಕೆಳಗೇ ನೀರಿನ ಪೈಪು ಹೋಗ್ತದೆ, ಹಾಗಾಗಿ ಮೇಸ್ತ್ರಿ, ಬಡಗಿ, ಪ್ಲಂಬರ್ ಮೂವರೂ ಒಟ್ಟಿಗೆ ಇರಬೇಕು. ಮನೆ ಯಜಮಾನರೂ ಎದುರಿಗಿರಬೇಕು.

ಸೋಮವಾರ ಬಡಗಿಗೆ ಮನೆದೇವರ ವಾರ, ಉಳಿ ಮುಟ್ಟೋದಿಲ್ಲ. ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕಲ್ಲ ಅಂತ ಮೇಸ್ತ್ರಿ. ಗುರುವಾರ ಕರೆಂಟಿರೋದಿಲ್ಲ. ಪ್ಲಂಬರ್ ಸಾಬರು ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಹೋಗ್ತಾರೆ, ಬೆಳಗ್ಗೆ ಬರ್ತೀನಿ ಅಂದರೆ ಬೆಳಗ್ಗೆ ರಾಹುಕಾಲ ಅಂತ ಯಜಮಾನರು. ಶನಿವಾರ ಯಜಮಾನರ ಮನೆಗೆ ಕಬ್ಬಿಣ ತರೋ ಹಾಗಿಲ್ಲ, ಮೊಳೆಯೂ ಕಬ್ಬಿಣವೇ. ಭಾನುವಾರ ಭಾನುವಾರ.

ನಾನು ಕ್ಯಾಲೆಂಡರ್ ಮುಂದೆ ಕೂತು ಹೊಡೆದು ಹಾಕ್ತಾ ಹಾಕ್ತಾ ಕೊನೆಗೆ ಉಳಿದಿದ್ದು ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಎಲ್ಲರಿಗೂ ಫೋನ್ ಮಾಡಿ, ಬೈದು, ಬೇಡಿ, ಒಪ್ಪಿಸಿದೆ.

ಬುಧವಾರ ಎರಡು ಗಂಟೆಗೆ ಪ್ಲಂಬರ್ ಸಾಬರ ಫೋನ್ ಬಂತು. "ಅರೆ ಸಾರ್, ಎಲ್ಲಾ ಬಂದು ನಿಂತೀವಿ. ಎಂಥಾ ಅಜಬ್ ನೋಡಿ, ಎಲ್ಲಾ! ನೀವು ಎಲ್ಲಿದೀರಿ?"

ನಾನು ಮೊಳಕಾಲ್ಮೂರಿನಲ್ಲಿದ್ದೆ. ಬುಧವಾರ ಮಧ್ಯಾಹ್ನ ನಾನು ಅಲ್ಲಿರಬೇಕು ಅಂತ ನಾನೇ ಬರೆದುಕೊಂಡಿದ್ದೆ.

ಬೈಕ್ ಹೊಡ್ಕೊಂಡು ಚಳ್ಳಕೆರೆ ಸೇರುವಷ್ಟರಲ್ಲಿ ನಾಲ್ಕಾಗಿತ್ತು. ಚೌಕಟ್ಟು ನೆಟ್ಟಗೆ ನಿಂತಿತ್ತು, ಪೂಜೆ ಆಗಿತ್ತು, ಎಲ್ಲರೂ ಮಂಡಕ್ಕಿ ತಿಂತಾ ಇದ್ದರು. ನಾನು ಕ್ಷಮೆ ಕೇಳೋಕೆ ಬಾಯಿ ತೆರೆದೆ. ಮೇಸ್ತ್ರಿ ಮಂಡಕ್ಕಿ ಪೊಟ್ಟಣ ನನ್ನ ಕೈಗಿಟ್ಟು ಅಂದ: "ಪರವಾಗಿಲ್ಲ ಸಾರ್. ನೀವಿರಲಿಲ್ಲ, ಕೆಲಸ ಟೈಮಿಗೆ ಮುಗೀತು."

ಕುರಿ ಡಿಸೈನು

ದೇವಸಮುದ್ರದಲ್ಲಿ ಒಂದು ಮನೆ. ಮಗನ ಹೆಸರಿಗೆ ಮನೆ, ಆದರೆ ಅಧಿಕಾರ ಎಲ್ಲ ಅವನ ಅವ್ವಂದು. ಅವ್ವಂಗೆ ಎಂಬತ್ತು ಕುರಿ. ರಾತ್ರಿ ಅವನ್ನ ಕೂಡೋ ರೊಪ್ಪ ಮನೆ ಹಿಂದೆ. ಮನೆ ಪಕ್ಕದ ಓಣಿಯಲ್ಲಿ ಹಾದು ಅವು ರೊಪ್ಪಕ್ಕೆ ಹೋಗ್ತಿದ್ದವು.

ಅವತ್ತು ಮನೆಯೊಳಗೆ ಕೆಂಪು ಸಿಮೆಂಟಿನ ನೆಲ ಹಾಕಿಸ್ತಾ ಇದ್ದೆ. ಅದೇ ದಿನ ಕಾಂಪೌಂಡಿಗೆ ಇಟ್ಟಿಗೆ ಲೋಡೂ ಬಂತು. ಒಳಗಿನ ಕೆಲಸ ಒಳಗೆ, ಹೊರಗಿನದು ಹೊರಗೆ, ಇದಕ್ಕಿಂತ ಚೆಂದದ ಹೊಂದಾಣಿಕೆ ಉಂಟೇ ಅಂತ ಇಟ್ಟಿಗೆಯನ್ನ ಪಕ್ಕದ ಓಣಿಯಲ್ಲಿ ಎದೆಮಟ್ಟ ಜೋಡಿಸಿದೆ. ನೆಲ ನುಣ್ಣಗೆ ಮುಗಿಸಿ, ಮುಂದಿನ ಬಾಗಿಲು ಹಿಂದಿನ ಬಾಗಿಲು ಗಾಳಿಗೆ ತೆಗೆದಿಟ್ಟು, ಬೇವಿನ ಮರದ ಕೆಳಗೆ ಚಹಾ ಕುಡೀತಾ ಕೂತೆವು.

ಐದು ಗಂಟೆಗೆ ಕುರಿ ಬಂದವು. ಮುಂದಿನ ಟಗರು ಓಣಿ ನೋಡಿತು. ಇಟ್ಟಿಗೆ. ಮನೆ ನೋಡಿತು. ಬಾಗಿಲು ತೆಗೆದಿದೆ, ಆಚೆ ಬಾಗಿಲಿನಲ್ಲಿ ರೊಪ್ಪ ಕಾಣ್ತದೆ. ಅದು ಒಂದು ಗಳಿಗೆಯೂ ಯೋಚನೆ ಮಾಡಲಿಲ್ಲ. ನಾನು "ಏ, ಏ, ಏ" ಅನ್ನುವಷ್ಟರಲ್ಲಿ ಎಂಬತ್ತೂ ಹಾಲಿನಲ್ಲಿ ಮದುವೆ ದಿಬ್ಬಣದ ಹಾಗೆ ಹಾದು ಹೋದವು. ಮುನ್ನೂರಿಪ್ಪತ್ತು ಕಾಲು. ಒಂದು ಮರಿ ಮಧ್ಯೆ ಜಾರಿ ಕೂತು, ಎದ್ದು, ಇನ್ನೊಂದು ಸುತ್ತು ಬೇರೆ ಹಾಕಿತು.

ನಾನು ಅವ್ವನ ಮುಂದೆ ನಿಂತು, "ಏನವ್ವ, ಕುರಿ ಒಂದು ಗಂಟೆ ತಡೆಯೋಕಾಗ್ತಿರಲಿಲ್ವಾ? ಇವತ್ತು ನೆಲ ಹಾಕ್ತೀವಿ ಅಂತ ನಿನ್ನೆನೇ ಹೇಳಿದ್ನಲ್ಲ" ಅಂದೆ.

"ನಂಗೆ ಹೇಳಿದ್ರಿ. ಕುರಿಗೆ ಹೇಳಿದ್ರಾ?"

ಕಿತ್ತು ಮತ್ತೆ ಹಾಕಿಸ್ತೀನಿ ಅಂದರೆ ಅವ್ವ ಒಪ್ಪಲಿಲ್ಲ. ಹೊಸ ಮನೆಗೆ ಮೊದಲು ಕಾಲಿಟ್ಟಿದ್ದು ಅವಳ ಕುರಿ, ಆ ಹೆಜ್ಜೆ ಅಳಿಸೋದು ಶುಭ ಅಲ್ಲವಂತೆ. ಹಾಗೇ ಬಿಟ್ಟೆವು. ಒಣಗಿದ ಮೇಲೆ ಕೆಂಪು ನೆಲದ ತುಂಬ ಎಲೆ ಚೆಲ್ಲಿದ ಹಾಗೆ ಗೊರಸಿನ ಗುರುತು. ನಿಜ ಹೇಳ್ತೀನಿ, ಚೆನ್ನಾಗೇ ಕಾಣ್ತಿತ್ತು.

ವಾರ ಬಿಟ್ಟು ನಾನು ಹೋದಾಗ ಪಕ್ಕದ ಬೀದಿಯವರೊಬ್ಬರು ಅವ್ವನ ಹತ್ತಿರ ನಿಂತಿದ್ದರು. "ನಮ್ಮ ಪಡಸಾಲೆಗೂ ಇದೇ ಡಿಸೈನ್ ಬೇಕ್ರಿ" ಅಂತ ನನ್ನ ಕೇಳಿದರು. ನಾನು ಬಾಯಿ ತೆರೆಯೋ ಮೊದಲೇ ಅವ್ವ ಅಂದಳು: "ಆಗ್ಲಿ ಬಿಡ್ರಿ. ಆದ್ರೆ ನಾಳೆ ಕುರಿಗೆ ಪುರುಸೊತ್ತಿಲ್ಲ, ಉಣ್ಣೆ ಕತ್ತರಿಸ್ತಾರೆ. ನಾಡಿದ್ದು ಕಳಿಸ್ತೀನಿ."

ಮಗ್ಗದ ಮೇಲೊಂದು ಮೋಲ್ಡು

ಇದು ಮೊಳಕಾಲ್ಮೂರಿನದು. ಇದನ್ನ ನೆನೆಸಿಕೊಂಡು ನಾನು ಬೈಕ್ ಓಡಿಸ್ತಾ ನಕ್ಕು ಎರಡು ಸಲ ಬೇಲಿಗೆ ನುಗ್ಗಿದ್ದೇನೆ.

ರೇಷ್ಮೆ ಸೀರೆ ನೇಯುವ ಗಂಡ ಹೆಂಡತಿ. ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ನಡುಮನೆಯಲ್ಲಿ ಮಗ್ಗ. ಹಳೇ ಛಾವಣಿ ಸೋರ್ತಿತ್ತು, ತೆಗೆದು ಮೋಲ್ಡ್ ಹಾಕಿಸಬೇಕು, ಅಂದರೆ ಕಾಂಕ್ರೀಟಿನ ಛಾವಣಿ. ನಾನು ಮೊದಲ ದಿನವೇ ಹೇಳಿದೆ: "ಮಗ್ಗ ಬಿಚ್ಚಿ ಆಚೆ ಇಡಿ."

ನೇಕಾರರು ಹೌಹಾರಿದರು. "ಬಿಚ್ಚೋದಾ! ರಾಯದುರ್ಗದೋರು ಹೇಳಿ ನೇಯಿಸ್ತಿರೋ ಮದುವೆ ಸೀರೆ ಅರ್ಧ ಆಗೈತೆ ಸಾರ್. ಈಗ ಹಾಸಿನ ನೂಲು ಬಿಚ್ಚಿದ್ರೆ ಎಳೆ ಎಳೆಯಾಗಿ ಹೋಗುತ್ತೆ. ಹುಡುಗಿ ಧಾರೆಗೆ ಉಡೋದು ಇದನ್ನೇ."

ಮತ್ತೆ ನನ್ನ ವಿದ್ಯೆ ಕೆಲಸಕ್ಕೆ ಬಂತು. ಕೆಳಗೆ ಸೀರೆ ನಡೀಲಿ, ಮೇಲೆ ಛಾವಣಿ ನಡೀಲಿ. ಹಲಗೆ ಹೊಡೆದು ಕಂಬಿ ಕಟ್ಟುವವರೆಗೆ ಅವರು ನೇಯಬಹುದು, ಕಾಂಕ್ರೀಟ್ ಸುರಿಯೋ ದಿನ ಮಾತ್ರ ಒಂದು ನರಪಿಳ್ಳೆಯೂ ಒಳಗಿರಕೂಡದು. ಒಂದೇ ತೊಡಕು: ಹಲಗೆಗೆ ಕೆಳಗಿನಿಂದ ಆಸರೆ ಕೊಡೋ ಕಂಬಗಳನ್ನ ಮಗ್ಗದ ಜಾಗದಲ್ಲಿ ನಿಲ್ಲಿಸೋಕಾಗೋದಿಲ್ಲ. ಅದಕ್ಕೇ ಮಗ್ಗದ ಸುತ್ತ ಕಂಬ ಒತ್ತೊತ್ತಾಗಿ ನಿಲ್ಲಿಸೋಣ, ಬಾಗಿಲ ಕಡೆ ದಾರಿ ಬಿಟ್ಟು, ಕೊನೇ ದಿನ ಅದನ್ನೂ ಮುಚ್ಚೋಣ ಅಂದೆ. ಮೇಸ್ತ್ರಿ ಕೂಡ ತಲೆ ಆಡಿಸಿ "ಸರಿಯಾಗೈತೆ" ಅಂದ. ಅವನು ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಕಾಂಕ್ರೀಟ್ ಸುರಿಯೋ ದಿನ ಬೆಳಗ್ಗೆ ಆ ಮದುವೆ ಹುಡುಗಿಯ ತಂದೆ ರಾಯದುರ್ಗದ ಬಸ್ಸಿಳಿದು ಬಂದರು. ಇನ್ನೇನು ಬೀಗರಾಗೋರು ಅಂತ ನಾವೆಲ್ಲ ಅವರನ್ನ ಬೀಗರು ಅಂತಲೇ ಕರೆದೆವು. ಪುಣ್ಯಾತ್ಮರು, ದೊಡ್ಡ ಮನಸ್ಸು, ಅದಕ್ಕಿಂತ ದೊಡ್ಡ ಹೊಟ್ಟೆ. ಅವರ ಮನೆಯಾಕೆ ಸೀರೆ ನೋಡ್ಕೊಂಡು ಬಾ ಅಂತ ಕಳಿಸಿದ್ದರಂತೆ. ಬಾಗಿಲ ಕಡೆ ದಾರಿ ಇನ್ನೂ ಇತ್ತು. ನೇಕಾರರು ಅವರನ್ನ ಒಳಗೆ ಕರ್ಕೊಂಡು ಹೋಗಿ, ಹಲಗೆ ಸಂದಿನಿಂದ ಸಿಮೆಂಟು ನೀರು ಬೀಳದಿರಲಿ ಅಂತ ಮಗ್ಗಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಎತ್ತಿ ಸೀರೆ ತೋರಿಸಿದರು. ಅಷ್ಟರಲ್ಲಿ ನಾನು ಹೊರಗಿನಿಂದ ಕೂಗಿದೆ: "ಯಜಮಾನ್ರೇ, ಮಿಕ್ಸರಿಗೆ ಕಾಯಿ ಒಡೀಬೇಕು, ಬನ್ನಿ!" ನೇಕಾರರು ಓಡಿ ಬಂದರು. ಬೀಗರು ಕನ್ನಡಕ ಹಾಕ್ಕೊಂಡು ಪ್ಲಾಸ್ಟಿಕ್ಕಿನೊಳಗೆ ತಲೆ, ಹೆಗಲು, ಪೂರ್ತಿ ಮೈ ತೂರಿಸಿ ಜರಿ ಅಂಚು ನೋಡ್ತಾ ಕೂತರು.

ಕಂಬದವರು ಬಂದರು. ಕಂಡಿದ್ದು ಪ್ಲಾಸ್ಟಿಕ್ ಹೊದ್ದ ಮಗ್ಗ. ದಾರಿ ಮುಚ್ಚಿದರು, ಬಿಗಿ ಮಾಡಿದರು, "ರೈಟ್" ಅಂದರು. ಹೊರಗೆ ಕಾಯಿ ಒಡೀತು, ಮಿಕ್ಸರು ಗುಡುಗಿತು.

ಮೇಲೆ ನಾಲ್ಕು ಬುಟ್ಟಿ ಬಿದ್ದಿತ್ತೋ ಐದೋ, ನೇಕಾರರ ಹೆಂಡತಿ ಚಹಾ ಲೋಟ ಹಿಡ್ಕೊಂಡು ಅತ್ತ ಇತ್ತ ನೋಡ್ತಾ, "ಅನ್ನಯ್ಯ ಏಡಿ?" ಅಂದರು. ಅಣ್ಣಯ್ಯ, ಅಂದರೆ ಬೀಗರು, ಎಲ್ಲಿ?

ನೇಕಾರರು ಒಳಗಡೆ ಬೆರಳು ತೋರಿಸಿದರು. ನಾನು ಮೇಲಿನವರಿಗೆ "ನಿಲ್ಸ್ರೋ!" ಅಂತ ಕಿರುಚಿದೆ.

ಮೇಸ್ತ್ರಿ ಮೇಲಿನಿಂದ ಬಗ್ಗಿದ. "ಮಧ್ಯೆ ನಿಲ್ಸಿದ್ರೆ ಬೆಸುಗೆ ಕೂರಲ್ಲ ಸಾರ್, ಮಳೆಗೆ ಸೋರುತ್ತೆ!"

"ಮನುಷ್ಯ ಒಳಗವ್ರೆ ಕಣಯ್ಯಾ!"

ಎಲ್ಲ ನಿಂತಿತು. ಒಳಗಿನಿಂದ ಸಮಾಧಾನದ ದನಿ ಬಂತು: "ಜರಿ ಚೆನ್ನಾಗೈತಪ್ಪಾ. ಆದ್ರೆ ಆಚೆ ಬರೋ ದಾರಿ ಯಾರೋ ತಗೊಂಡು ಹೋಗವ್ರೆ."

ನಾನು ಬಾಗಿಲಲ್ಲಿ ಬಗ್ಗಿ ನೋಡಿದೆ. ಕಂಬಗಳ ಕಾಡಿನ ನಡುವೆ ಬೀಗರು ಗೂಡಿನೊಳಗಿನ ದೇವರ ಹಾಗೆ ನಿಂತಿದ್ದರು. ಮೇಲೆ ಹಸಿ ಕಾಂಕ್ರೀಟಿನ ಭಾರ, ಒಂದು ಕಂಬ ಸುಮ್ಮನೆ ಎಳೆಯೋ ಹಾಗಿಲ್ಲ. ಕಾಂಕ್ರೀಟ್ ಗಟ್ಟಿಯಾಗೋಕೆ ಶುರುವಾಗೋ ಮೊದಲು, ಅಂದರೆ ಅರ್ಧ ಗಂಟೆಯೊಳಗೆ, ಏನಾದರೂ ಮಾಡಬೇಕು. ಮೇಸ್ತ್ರಿ ಟೇಪು ಹಿಡಿದು ಇಳಿದು ಬಂದು ಕಂಬದ ಸಂದು ಅಳೆದ.

"ಹದಿಮೂರು ಇಂಚು."

ಆಮೇಲೆ ಕೈ ತೂರಿಸಿ ಬೀಗರನ್ನ ಅಡ್ಡಲಾಗಿ ಅಳೆದ. "ಹದಿನೆಂಟು. ಯಜಮಾನ್ರೇ, ಉಸಿರು ಬಿಡಿ." ಬಿಟ್ಟರು. "ಹದಿನೇಳೂವರೆ. ಇನ್ನೂ ಬಿಡಿ."

"ಇನ್ನೂ ಬಿಟ್ರೆ ಪ್ರಾಣಾನೇ ಹೋಗುತ್ತಲ್ಲಪ್ಪ!"

ಪ್ಲಂಬರ್ ಸಾಬರು ಎಣ್ಣೆ ಡಬ್ಬಿ ಹಿಡ್ಕೊಂಡು ಮುಂದೆ ಬಂದರು. "ಫಿಕರ್ ಮಾಡಬೇಡಿ ಸಾರ್. ಪೈಪು ಸಿಕ್ಕೊಂಡ್ರೆ ಎಣ್ಣೆ ಹಚ್ಚಿ ಎಳೀತೀವಿ. ಇವರೂ ದುಂಡಗೇ ಇದಾರೆ."

"ಎಣ್ಣೆ ಬೇಡ!" ಅಂತ ಇಬ್ಬರು ಒಟ್ಟಿಗೆ ಚೀರಿದರು. ಒಬ್ಬರು ನೇಕಾರರು, ಇನ್ನೊಬ್ಬರು ಒಳಗಿದ್ದ ಬೀಗರು. "ಒಂದು ತೊಟ್ಟು ರೇಷ್ಮೆಗೆ ಬಿದ್ರೆ ಸೀರೆ ಹಾಳು! ನಾನು ಇಲ್ಲೇ ಇರ್ತೀನಿ ಬೇಕಾದ್ರೆ. ಮದುವೆಗೆ ಸೀರೆ ಹೋಗ್ಲಿ, ನಾನು ಹೋಗ್ದಿದ್ರೆ ಪರವಾಗಿಲ್ಲ."

ಆ ಮಾತಿಗೆ ನಗಬೇಕಿತ್ತೋ ಅಳಬೇಕಿತ್ತೋ ನನಗೆ ಈಗಲೂ ಗೊತ್ತಿಲ್ಲ.

ಕೊನೆಗೆ ಬುದ್ಧಿ ಬಂತು. ಬಾಗಿಲ ಕಡೆಯ ಕಂಬದ ಮಗ್ಗುಲಲ್ಲೇ ಒಂದು ಗೇಣು ಬಿಟ್ಟು ಹೊಸ ಕಂಬ ಕೊಟ್ಟು, ಅದನ್ನ ಬಿಗಿ ಮಾಡಿ, ಭಾರ ಅದರ ಮೇಲೆ ಕೂತ ಮೇಲೆ ಹಳೇದನ್ನ ಸಡಿಲಿಸಿದೆವು. ಹಲಗೆ ಕಿರ್ ಅಂತು. ಎಲ್ಲರ ಉಸಿರು ನಿಂತಿತು. ಬೀಗರದಂತೂ ಮೊದಲೇ ನಿಂತಿತ್ತು. ಪಕ್ಕ ತಿರುಗಿ, ಹೊಟ್ಟೆ ಒಳಗೆಳೆದು, ಕಣ್ಣು ಮುಚ್ಚಿ, ಇಂಚು ಇಂಚಾಗಿ ಜರುಗಿ ಹೀಗೆ ಒಂದೊಂದೇ ಕಂಬ ದಾಟಿ, ಬಾಟಲಿಯ ಬಿರಡೆ ಕಿತ್ತ ಹಾಗೆ ಹೊರಗೆ ಬಂದರು. ಬೀದಿಯವರೆಲ್ಲ ಚಪ್ಪಾಳೆ ಹೊಡೆದರು. ಸಾಬರು ಅವರನ್ನ ಅಪ್ಪಿಕೊಂಡರು, ಕೈ ಪೂರ್ತಿ ಸುತ್ತಲಿಲ್ಲ.

"ಬೇಗ ಬೇಗ, ಇನ್ನೂ ಟೈಮ್ ಐತೆ!" ಅಂತ ಮೇಸ್ತ್ರಿ ಏಣಿ ಹತ್ತಿದ. ಅಷ್ಟರಲ್ಲಿ ಒಳಗೆ ಫೋನ್ ಬಡಕೊಂಡಿತು. ಬೀಗರು ಜೇಬು ಮುಟ್ಟಿ ನೋಡಿಕೊಂಡರು. ಫೋನ್ ಮಗ್ಗದ ಮೇಲೇ ಉಳಿದಿತ್ತು.

ನೇಕಾರರ ಹೆಂಡತಿ ಕಡ್ಡಿಯ ಹಾಗಿರೋರು. ನಾನು ಬೇಡಮ್ಮ ಅನ್ನುವಷ್ಟರಲ್ಲಿ ಕಂಬಗಳ ನಡುವೆ ನೂಲಿನ ಹಾಗೆ ನುಸುಳಿ ಹೋಗಿ, ಫೋನ್ ಎತ್ತಿಕೊಂಡು ಮಾತಾಡುತ್ತಲೇ ಹೊರಗೆ ಬಂದರು. ತೆಲುಗಿನಲ್ಲಿ ಎರಡು ಸಲ ಹೂಂ ಅಂದು, ಫೋನನ್ನ ಎದೆಗೊತ್ತಿಕೊಂಡು ಬೀಗರ ಕಡೆ ತಿರುಗಿದರು.

"ಅನ್ನಯ್ಯಾ, ನಿಮ್ಮನೆಯಿಂದ ವದಿನ ಫೋನ್ ಮಾಡವ್ರೆ. ಅಂಚು ನೋಡಿದ್ದು ಸಾಲದಂತೆ. ಸೆರಗಿನ ಬಣ್ಣ ಗಿಳಿಹಸಿರೋ ಎಲೆಹಸಿರೋ, ಇನ್ನೊಂದು ಸಲ ಒಳಗೆ ಹೋಗಿ, ನಿಧಾನವಾಗಿ ಕೂತು ನೋಡ್ಕೊಂಡು ಬರಬೇಕಂತೆ."

ಬೀಗರು ಫೋನು ಇಸ್ಕೊಳ್ಳಲಿಲ್ಲ. ಚಪ್ಪಲಿ ಹುಡುಕಲಿಲ್ಲ. ಪಂಚೆ ಎತ್ತಿ ಕಟ್ಟಿದವರು, ಆ ಮೈಯಲ್ಲಿ ಅಷ್ಟು ಓಟ ಇತ್ತು ಅಂತ ಯಾರಿಗೂ ಗೊತ್ತಿರಲಿಲ್ಲ, ಬೀದಿ ತಿರುವಿನಲ್ಲಿ ಮಾಯ ಆಗಿಬಿಟ್ಟರು. ಬಸ್ ಸ್ಟ್ಯಾಂಡಿನ ಕಡೆಯಿಂದ ದನಿ ಮಾತ್ರ ಬಂತು:

"ಎರಡೂ ಹಸಿರೇ ಅಂತ ಹೇಳಮ್ಮಾ!"